ಲೇಸರ್ ಉಕ್ಕಿನ ಜೀವ ತೆಗೆಯುತ್ತದೆಯೇ? ಚಾಕುವಿನ ಬ್ಲ್ಯಾಂಕ್ ಹೇಗೆ ಕತ್ತರಿಸಬೇಕು

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಗೋಕಾಕ ತಾಲ್ಲೂಕು, ಕಂಬಾರಿಕೆಯ ಮನೆತನ. ಅಪ್ಪ, ಕಾಕಾ ಇಬ್ಬರೂ ಲಾರಿ ಪಾಟಾದಿಂದ (ಸ್ಪ್ರಿಂಗ್ ಪಟ್ಟಿಯಿಂದ) ಕಬ್ಬು ಕಡಿಯುವ ಕೊಯ್ತಾ, ಕುಡುಗೋಲು ಮಾಡುತ್ತಾರೆ. ನಾನು ಡಿಪ್ಲೊಮಾ ಮುಗಿಸಿ ಅವರ ಜೊತೆ ಸೇರಿದ್ದೇನೆ. ಈಗ ಬೆಳಗಾವಿಯ ಅಂಗಡಿಯೊಂದು ಅಡುಗೆಮನೆಯ ಚಾಕು 250 ಬೇಕು ಅಂತ ಕೇಳಿದೆ. ಮಾದರಿಗೆ ಅಂತ 3 ಮಿ.ಮೀ. ದಪ್ಪದ ಹೈ ಕಾರ್ಬನ್ ಶೀಟಿನ ತುಂಡು ತಂದು 10 ಬ್ಲ್ಯಾಂಕ್ (ಚಾಕುವಿನ ಆಕಾರದ ಹಸಿ ತುಂಡು) ಲೇಸರ್‌ನಲ್ಲಿ ಕಟ್ ಮಾಡಿಸಿದೆವು. ಇಂಗಾಲ 0.8% ಅಂತ ಸರ್ಟಿಫಿಕೇಟ್‌ನಲ್ಲಿದೆ. ಹಿಡಿಕೆಯ ತೂತು 5 ಮಿ.ಮೀ. ಹಾಕಿಸಿದ್ದೆವು, ಆಮೇಲೆ ಪಿನ್ನು 6 ಮಿ.ಮೀ. ಸಿಕ್ಕಿತು. ತೂತು ದೊಡ್ಡದು ಮಾಡಲು ಹೋದರೆ ಡ್ರಿಲ್ ಬಿಟ್‌ಗಳೇ ಸುಟ್ಟುಹೋದವು. ಅಂಚಿಗೆ ಅರ ಹಾಕಿದರೆ ಜಾರುತ್ತದೆ. ನಾಲ್ಕು ಚಾಕುಗಳನ್ನು ಕಾಯಿಸಿ ಕಾಕಾ ನೀರಿನಲ್ಲಿ ಅದ್ದಿ ಹದ ಕೊಟ್ಟರು. ಅದರಲ್ಲಿ ಎರಡು ಬಿರುಕು ಬಿಟ್ಟವು, ಎರಡೂ ಅಲಗು ಮತ್ತು ಹಿಡಿಕೆ ಸೇರುವ ಮೂಲೆಯಿಂದ. ‘ಲೇಸರ್ ಉಕ್ಕಿನ ಜೀವಾ ತಗೀತದ, ಬ್ಯಾಡ’ ಅಂತ ಕಾಕಾ ಹೇಳುತ್ತಾರೆ. ನಮ್ಮೂರಲ್ಲೇ ಪ್ಲಾಸ್ಮಾ (ವಿದ್ಯುತ್ತಿನಿಂದ ಕಾಯಿಸಿದ ಗ್ಯಾಸಿನ ಧಾರೆಯಿಂದ ಕತ್ತರಿಸುವ ಯಂತ್ರ) ಇದೆ, ಅಗ್ಗ. ವಾಟರ್‌ಜೆಟ್ (ನೀರಿನ ಧಾರೆ) ಬಿಟ್ಟು ಬೇರೆ ಯಾವುದರಲ್ಲೂ ಚಾಕು ಕತ್ತರಿಸಬಾರದು ಅಂತ ಯೂಟ್ಯೂಬ್‌ನಲ್ಲಿ ಹೇಳುತ್ತಾರೆ. 250ಕ್ಕೆ ಶೀಟ್ ಇನ್ನೂ ತಂದಿಲ್ಲ. ಯಾವ ದಾರಿ ಹಿಡಿಯಲಿ?

ಉತ್ತರ:

ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು. ‘ಲೇಸರ್ ಒಳ್ಳೆಯದೋ ಕೆಟ್ಟದ್ದೋ’ ಅಂತಷ್ಟೇ ಕೇಳುವವರು ಜಾಸ್ತಿ. ಹಾಗೆ ಕೇಳಿದರೆ ಉತ್ತರ ಹೇಳಲು ಆಗುವುದಿಲ್ಲ. ನೀವು ಬಿರುಕು ಎಲ್ಲಿಂದ ಶುರುವಾಯಿತು, ಹದ ಯಾವುದರಲ್ಲಿ ಕೊಟ್ಟಿರಿ, ಉಕ್ಕಿನಲ್ಲಿ ಇಂಗಾಲ ಎಷ್ಟು ಎಲ್ಲ ಹೇಳಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ.

ಮೊದಲು ನಿರ್ಧಾರ ಹೇಳಿಬಿಡುತ್ತೇನೆ. 250 ಚಾಕುವಿಗೆ ಲೇಸರ್ ಮಾಡಿಸಿ. ಆದರೆ ಡ್ರಾಯಿಂಗ್ ಬದಲಾಯಿಸಬೇಕು, ಹದ ಎಣ್ಣೆಯಲ್ಲಿ ಕೊಡಬೇಕು, ಶೀಟಿನ ದಪ್ಪ ಕಡಿಮೆ ಮಾಡಬೇಕು. ನಿಮ್ಮ ಕಾಕಾ ಕಣ್ಣಾರೆ ಕಂಡದ್ದು ನಿಜ. ಅದಕ್ಕೆ ಅವರು ಕೊಟ್ಟ ಕಾರಣ ಮಾತ್ರ ಬೇರೆ.

ಅಂಚು ಯಾಕೆ ಹಾಗೆ ಗಟ್ಟಿಯಾಯಿತು ಅನ್ನುವುದರಿಂದ ಶುರು ಮಾಡೋಣ. ಲೇಸರ್ ಹೋದ ಜಾಗದಲ್ಲಿ ಉಕ್ಕು ಕರಗಿ ಕೆಳಗೆ ಹಾರಿಹೋಗುತ್ತದೆ. ಅದರ ಪಕ್ಕದಲ್ಲಿ ಕೂದಲೆಳೆಯಷ್ಟು ಅಗಲದ ಉಕ್ಕು ಕರಗುವುದಿಲ್ಲ, ಆದರೆ ಕೆಂಪಗೆ ಕಾಯುತ್ತದೆ. ಸುತ್ತಲಿನ ಶೀಟು ತಣ್ಣಗೇ ಇರುತ್ತದಲ್ವಾ, ಅದು ಆ ಬಿಸಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎಳೆದುಕೊಳ್ಳುತ್ತದೆ. ಕೆಂಪಗೆ ಕಾಯಿಸಿ ತಟ್ಟನೆ ತಣ್ಣಗೆ ಮಾಡಿದರೆ ಏನಾಗುತ್ತದೆ ಅಂತ ಕಂಬಾರರ ಮನೆಯಲ್ಲಿ ಹುಟ್ಟಿದವರಿಗೆ ನಾನು ಹೇಳಬೇಕಾಗಿಲ್ಲ. ಅಂಚಿಗೆ ಅಲ್ಲೇ ಹದ ಬಿದ್ದುಬಿಟ್ಟಿದೆ. ನೀರೂ ಇಲ್ಲ, ಎಣ್ಣೆಯೂ ಇಲ್ಲ, ಶೀಟೇ ನೀರಿನ ಕೆಲಸ ಮಾಡಿದೆ. 0.8% ಇಂಗಾಲದ ಉಕ್ಕಿನಲ್ಲಿ ಹೀಗೆ ಬಿದ್ದ ಹದ ಅರದಷ್ಟೇ ಗಟ್ಟಿ. ಅದಕ್ಕೇ ಅರ ಜಾರಿತು, ಬಿಟ್ ಸುಟ್ಟಿತು.

ಲೇಸರ್ ಅಂಗಡಿಯವರು ‘ಏನೂ ಆಗಲ್ಲ ಸರ್, ದಿನಾ ಮಾಡ್ತೀವಿ’ ಅಂದಿರಬೇಕು. ಅವರು ಸುಳ್ಳು ಹೇಳಿಲ್ಲ. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಲೇಸರ್ ಯಂತ್ರಗಳಿಗೆ ಬರುವ ಕೆಲಸದಲ್ಲಿ ಹೆಚ್ಚಿನದು ಎಂ.ಎಸ್. (ಮೈಲ್ಡ್ ಸ್ಟೀಲ್, ಮೆತ್ತನೆ ಉಕ್ಕು) ಶೀಟು. ಅದರಲ್ಲಿ ಇಂಗಾಲ 0.2% ಆಸುಪಾಸು. ಅಷ್ಟು ಕಡಿಮೆ ಇಂಗಾಲಕ್ಕೆ ಅಂಚು ಹೇಳಿಕೊಳ್ಳುವಷ್ಟು ಗಟ್ಟಿಯಾಗುವುದಿಲ್ಲ, ಡ್ರಿಲ್ ಸಲೀಸಾಗಿ ಇಳಿಯುತ್ತದೆ. ಅವರ ಅನುಭವ ಆ ಉಕ್ಕಿನದು. ನಿಮ್ಮ ಶೀಟು ಬೇರೆ ಜಾತಿ.

ಈ ಗಟ್ಟಿ ಪದರ ಎಷ್ಟು ಆಳ ಅನ್ನುವುದೇ ಮುಖ್ಯ ಪ್ರಶ್ನೆ. 2–3 ಮಿ.ಮೀ. ಶೀಟಿಗೆ ಫೈಬರ್ ಲೇಸರ್ ಆದರೆ ಸಾಮಾನ್ಯವಾಗಿ 0.1ರಿಂದ 0.5 ಮಿ.ಮೀ. ಒಳಗೆ. ನನ್ನ ಮಾತು ನಂಬಬೇಕಿಲ್ಲ, ನೀವೇ ನೋಡಬಹುದು. ಬಿರುಕು ಬಿಟ್ಟಿದ್ದು ಬೇಡ, ಹದ ಕೊಡದ ಬ್ಲ್ಯಾಂಕ್ ಒಂದನ್ನು ತೆಗೆದುಕೊಳ್ಳಿ. ತೆಳು ಕಟಿಂಗ್ ವೀಲ್‌ನಿಂದ ನೀರು ಹಾಕುತ್ತಾ ಅಡ್ಡಕ್ಕೆ ಕತ್ತರಿಸಿ. ಆ ಕತ್ತರಿಸಿದ ಮುಖವನ್ನು ಎಮರಿ ಪೇಪರ್ ಮೇಲೆ ಉಜ್ಜಿ. 120ರಿಂದ ಶುರು ಮಾಡಿ 600ರವರೆಗೆ ಹೋದರೆ ಸಾಕು. ಆಮೇಲೆ ಸರ್ಕ್ಯೂಟ್ ಬೋರ್ಡ್ ಮಾಡುವವರು ಬಳಸುವ ಫೆರಿಕ್ ಕ್ಲೋರೈಡ್ ನೀರಿಗೆ ಕೆಲವು ಸೆಕೆಂಡ್ ಅದ್ದಿ, ತೊಳೆದು, ಒರೆಸಿ, ಭೂತಗನ್ನಡಿ ಹಿಡಿಯಿರಿ. ಲೇಸರ್ ಹೋದ ಅಂಚಿಗೆ ಅಂಟಿಕೊಂಡು ಬೇರೆ ಬಣ್ಣದ ಸಣ್ಣ ಪಟ್ಟಿ ಕಾಣುತ್ತದೆ. ಆ ಪಟ್ಟಿಯ ಅಗಲವೇ ಲೇಸರ್ ಮುಟ್ಟಿದ ಆಳ. ಅದರಾಚೆಗಿನ ಉಕ್ಕು ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇದೆ. ಕಾಕಾಗೂ ತೋರಿಸಿ. ಫೆರಿಕ್ ಕ್ಲೋರೈಡ್ ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಕೈಗೆ ಗ್ಲೌಸ್ ಇರಲಿ.

ಈಗ ಯೋಚಿಸಿ. ಈ ಚಾಕುವನ್ನು ನೀವು ಮುಂದೆ ಏನು ಮಾಡುತ್ತೀರಿ? ಅಂಚುಗಳನ್ನು ತಿಕ್ಕಿ ನಯ ಮಾಡುತ್ತೀರಿ. ಹರಿತದ ಅಂಚನ್ನು ಎರಡೂ ಬದಿಯಿಂದ ತಿಕ್ಕಿ ತೆಳ್ಳಗೆ ಮಾಡುತ್ತೀರಿ. ಆಮೇಲೆ ಇಡೀ ಅಲಗನ್ನು 800 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿ ಹದ ಕೊಡುತ್ತೀರಿ. ಅಷ್ಟು ಬಿಸಿಗೆ ಹೋದಾಗ ಲೇಸರ್ ಮಾಡಿದ್ದ ಆ ಗಟ್ಟಿ ಪದರದ ಗುರುತೂ ಅಳಿಸಿಹೋಗುತ್ತದೆ, ಒಳಗಿನ ಉಕ್ಕಿನ ಜೊತೆ ಅದೂ ಹೊಸದಾಗಿ ಹದಗೊಳ್ಳುತ್ತದೆ. ಅಳಿಯದೆ ಉಳಿಯುವುದು ಅಂಚಿನ ಮೇಲಿನ ಕರಿ ಪದರ ಮತ್ತು ಲೇಸರ್ ಬಿಟ್ಟ ಸಣ್ಣ ಗೀರುಗಳು ಮಾತ್ರ. ಅವು ತಿಕ್ಕಿದರೆ ಹೋಗುತ್ತವೆ. ಹದ ಕೊಡುವ ಮೊದಲು ಕತ್ತರಿಸುವಾಗಿನ ಬಿಸಿ ಚಾಕುವಿನ ಗುಣ ಕೆಡಿಸುವುದಿಲ್ಲ. ಅದು ನಿಮ್ಮ ಡ್ರಿಲ್ ಬಿಟ್ಟನ್ನು, ಅರವನ್ನು ಕೆಡಿಸುತ್ತದೆ. ಎರಡಕ್ಕೂ ವ್ಯತ್ಯಾಸವಿದೆ.

ಇದರ ಜೊತೆ ಇನ್ನೊಂದು ನಂಬಿಕೆಯಿದೆ: ಕತ್ತರಿಸುವಾಗ ನೀಲಿ ಬಣ್ಣ ಬಂದರೆ ಉಕ್ಕು ಹೋಯಿತು ಅಂತ. ನೀಲಿ ಅಂದರೆ ಅಲ್ಲಿ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ, ಅಷ್ಟೇ. ಹದ ಕೊಡದ ಮೆತ್ತನೆ ಬ್ಲ್ಯಾಂಕಿಗೆ 300 ಡಿಗ್ರಿ ಲೆಕ್ಕಕ್ಕೇ ಇಲ್ಲ. ಹದ ಕೊಟ್ಟು 200 ಡಿಗ್ರಿಯಲ್ಲಿ ಟೆಂಪರ್ ಮಾಡಿದ (ಪೆಡಸು ಇಳಿಸಲು ಮತ್ತೆ ಸ್ವಲ್ಪ ಕಾಯಿಸಿದ) ಅಲಗಿಗೆ ಸಾಣೆ ಹಿಡಿಯುವಾಗ ನೀಲಿ ಬಂದರೆ ಮಾತ್ರ ಆ ಜಾಗ ಮೆತ್ತಗಾಯಿತು ಅಂತಲೇ ಅರ್ಥ. ಅದಕ್ಕೂ ಒಂದು ಅಪವಾದ ಇದೆ. ಪವರ್ ಹ್ಯಾಕ್ಸಾದ ಹಳೇ ಎಚ್‌.ಎಸ್‌.ಎಸ್. ಬ್ಲೇಡಿನಿಂದ ಚಾಕು ಮಾಡುತ್ತಾರಲ್ಲ, ಆ ಹೈ ಸ್ಪೀಡ್ ಉಕ್ಕು ಸುಮಾರು 550 ಡಿಗ್ರಿಯಲ್ಲಿ ಟೆಂಪರ್ ಆಗಿರುತ್ತದೆ. ಅದಕ್ಕೆ ನೀಲಿ ಬಂದರೂ ಏನೂ ಆಗುವುದಿಲ್ಲ. ‘ನಾನು ನೀಲಿ ಮಾಡಿಯೇ ಚಾಕು ಮಾಡ್ತೀನಿ, ಏನೂ ಆಗಿಲ್ಲ’ ಅಂತ ವಾದ ಮಾಡುವವರು ಬಹಳ ಸಲ ಈ ಬ್ಲೇಡಿನವರೇ.

ಇನ್ನು ಆ ಎರಡು ಬಿರುಕು. ಇದೇ ನಿಮ್ಮ ಪತ್ರದ ಮುಖ್ಯ ವಿಷಯ. ಇದನ್ನು ಲೇಸರ್ ತಲೆಗೆ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಬಿರುಕು ಬಿಟ್ಟ ಚಾಕುವನ್ನು ಎಸೆಯಬೇಡಿ. ದಪ್ಪ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬಿರುಕು ಇದ್ದಲ್ಲೇ ವೈಸ್‌ನಲ್ಲಿ ಹಿಡಿದು ಮುರಿಯಿರಿ. ಮುರಿದ ಮುಖ ನೋಡಿ. ಈಗ ತಾನೇ ಮುರಿದ ಭಾಗ ಹೊಳೆಯುವ ಬೂದು ಬಣ್ಣದಲ್ಲಿರುತ್ತದೆ. ಬಿರುಕಿನ ಭಾಗ ಮಸಿಯ ಹಾಗೆ ಕಪ್ಪಾಗಿ, ಸುಟ್ಟ ಪದರ ಕೂತಿದ್ದರೆ ಆ ಬಿರುಕು ಕುಲುಮೆಗೆ ಹೋಗುವ ಮೊದಲೇ ಇತ್ತು. ಆಗ ಕತ್ತರಿಸುವಾಗ ಆದ ಬಿರುಕು ಅನ್ನಬಹುದು. ಬಿರುಕಿನ ಮುಖ ಸುಡದೆ ಬೂದಾಗಿದ್ದರೆ, ಅಥವಾ ನೀರಿನ ತುಕ್ಕು ಹಿಡಿದಿದ್ದರೆ, ಅಥವಾ ಟೆಂಪರ್ ಮಾಡಿದಾಗ ಬರುವ ಹುಲ್ಲಿನ ಹಳದಿ ಬಣ್ಣ ಇದ್ದರೆ, ಅದು ಹದ ಕೊಡುವಾಗ ನೀರಿನಲ್ಲೇ ಬಿಟ್ಟ ಬಿರುಕು. ಟೂಲ್‌ರೂಮಿನಲ್ಲಿ ಡೈ (ಅಚ್ಚು) ಒಡೆದು ಬಂದಾಗ ನಾವು ಮೊದಲು ನೋಡುವುದು ಇದನ್ನೇ. ಜಗಳ ಅಲ್ಲೇ ಮುಗಿಯುತ್ತದೆ.

ನಿಮ್ಮದು ಎರಡನೆಯದು ಅಂತಲೇ ನನ್ನ ಅಂದಾಜು. ಎರಡು ಕಾರಣ. ಒಂದು, ನೀರು. ಲಾರಿ ಪಾಟಾದಲ್ಲಿ ಇಂಗಾಲ 0.5–0.6% ಇರುತ್ತದೆ. ಅದೂ ಎಣ್ಣೆಯಲ್ಲಿ ಹದ ಕೊಡಬೇಕಾದ ಉಕ್ಕೇ. ಆದರೆ ನಿಮ್ಮ ಕಾಕಾ ಕೊಯ್ತಾ ಪೂರ್ತಿ ಮುಳುಗಿಸುವುದಿಲ್ಲ, ಬರೀ ಅಂಚು ಅದ್ದಿ ತೆಗೆಯುತ್ತಾರೆ, ಬೆನ್ನಿನ ಬಿಸಿ ಮತ್ತೆ ಇಳಿದು ಅಂಚನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ. ಈ ಕೈಗುಣ ಪಾಟಾಕ್ಕೆ ಸರಿಹೊಂದಿದೆ. 0.8% ಇಂಗಾಲದ ತೆಳು ಅಲಗನ್ನು ನೀರಿಗೆ ಪೂರ್ತಿ ಬಿಟ್ಟರೆ ಅದು ತಡೆಯುವುದಿಲ್ಲ. ಎರಡು, ಮೂಲೆ. ಅಲಗು ಹಿಡಿಕೆಗೆ ಸೇರುವಲ್ಲಿ ನಿಮ್ಮ ಡ್ರಾಯಿಂಗ್‌ನಲ್ಲಿ ಕಡ್ಡಿ ಮುರಿದ ಹಾಗೆ 90 ಡಿಗ್ರಿಯ ಒಳಮೂಲೆ ಇರಬೇಕು. ಹದ ಕೊಡುವಾಗ ಉಕ್ಕಿನೊಳಗೆ ಹುಟ್ಟುವ ಎಳೆತವೆಲ್ಲ ಅಂಥ ಮೂಲೆಗೆ ಬಂದು ಸೇರುತ್ತದೆ. ಅದರ ಮೇಲೆ, ಲೇಸರ್ ಶುರುವಾಗುವಾಗ ಚುಚ್ಚಿದ ಬಿಂದುವೂ ಅಲ್ಲೇ ಇದ್ದರೆ ಅಲ್ಲೊಂದು ಕಚ್ಚು ಮೊದಲೇ ತಯಾರಿರುತ್ತದೆ. ಇಲ್ಲಿ ಲೇಸರಿಗೆ ಪಾಲು ಇದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅದೇ ಚೂಪು ಮೂಲೆಯನ್ನು ಗರಗಸದಲ್ಲಿ ಕತ್ತರಿಸಿ ನೀರಿಗೆ ಬಿಟ್ಟಿದ್ದರೂ ಬಿರುಕು ಬಿಡುವ ಸಾಧ್ಯತೆ ಸಾಕಷ್ಟಿತ್ತು.

ಹಾಗಾಗಿ 250ಕ್ಕೆ ಲೇಸರ್ ಕೊಡುವಾಗ ಏನೇನು ಹೇಳಬೇಕು ಅಂತ ಬರೆಯುತ್ತೇನೆ.

ಮೊದಲಿಗೆ ದಪ್ಪ. ಅಡುಗೆಮನೆ ಚಾಕುವಿಗೆ 3 ಮಿ.ಮೀ. ಯಾಕೆ? ಕೊಯ್ತಾ ಮಾಡಿದ ಕೈಗೆ ತೆಳುವಾದದ್ದು ಆಟಿಕೆ ಅನ್ನಿಸುತ್ತದೆ, ಗೊತ್ತು. ಆದರೆ ಈರುಳ್ಳಿ, ಬದನೆಕಾಯಿ ಹೆಚ್ಚುವ ಚಾಕುವಿನ ಬೆನ್ನು 2 ಮಿ.ಮೀ. ಇದ್ದರೆ ಧಾರಾಳ. 3 ಮಿ.ಮೀ. ಶೀಟ್ ಒಂದು ಚದರ ಮೀಟರಿಗೆ ಸುಮಾರು 23.5 ಕಿಲೋ ತೂಗುತ್ತದೆ, 2 ಮಿ.ಮೀ. ಸುಮಾರು 15.7 ಕಿಲೋ. ಆ ವ್ಯತ್ಯಾಸಕ್ಕೆ ನೀವು ದುಡ್ಡು ಕೊಡುತ್ತೀರಿ, ಆಮೇಲೆ ಅದನ್ನೇ ಬೆಲ್ಟ್ ಗ್ರೈಂಡರ್‌ನಲ್ಲಿ ತಿಕ್ಕಿ ದೂಳು ಮಾಡುತ್ತೀರಿ. ತೆಳುವಾದರೆ ಲೇಸರ್ ಬೇಗ ಓಡುತ್ತದೆ, ಅಂಚೂ ನಯವಾಗಿ ಬರುತ್ತದೆ. ಒಂದೇ ತೊಂದರೆ, ತೆಳು ಅಲಗು ಹದ ಕೊಡುವಾಗ ಸೊಟ್ಟಾಗುವುದು ಜಾಸ್ತಿ. ಎಣ್ಣೆಯಿಂದ ತೆಗೆದ ತಕ್ಷಣ, ಇನ್ನೂ ಕೈ ಇಡಲಾಗದಷ್ಟು ಬಿಸಿ ಇರುವಾಗಲೇ, ಎರಡು ದಪ್ಪ ಸಪಾಟು ಪ್ಲೇಟ್ ನಡುವೆ ಒತ್ತಿ ಹಿಡಿದರೆ ಬಹುಪಾಲು ನೇರವಾಗುತ್ತದೆ.

ಶೀಟ್ ಕೊಳ್ಳುವಾಗ ಅನೀಲ್ ಆದದ್ದೇ (ಕಾಯಿಸಿ, ನಿಧಾನ ಆರಿಸಿ ಮೆತ್ತಗೆ ಮಾಡಿದ್ದೇ) ಬೇಕು ಅಂತ ಕೇಳಿ. ಸ್ಪ್ರಿಂಗ್ ಮಾಡಲು ಮೊದಲೇ ಹದ ಕೊಟ್ಟ ಪಟ್ಟಿಗಳೂ ಮಾರುಕಟ್ಟೆಯಲ್ಲಿವೆ, ಅದು ಬೇಡ.

ಡ್ರಾಯಿಂಗ್‌ನಲ್ಲಿ ಎಲ್ಲ ಒಳಮೂಲೆಗಳಿಗೂ ಕನಿಷ್ಠ 3 ಮಿ.ಮೀ. ತ್ರಿಜ್ಯದ ದುಂಡು ಕೊಡಿ. ಹರಿತದ ಅಂಚಿನ ಕಡೆ 1 ಮಿ.ಮೀ., ಉಳಿದ ಕಡೆ ಅರ್ಧ ಮಿ.ಮೀ. ಹೆಚ್ಚು ಅಳತೆ ಬಿಡಿ. ಗಟ್ಟಿ ಪದರವೆಲ್ಲ ಆ ಹೆಚ್ಚಿನ ಅಳತೆಯಲ್ಲೇ ಹೋಗುತ್ತದೆ. ಲೇಸರ್ ಚುಚ್ಚಿ ಶುರುವಾಗುವ ಜಾಗ ಬ್ಲ್ಯಾಂಕಿನ ಹೊರಗೆ, ವೇಸ್ಟ್ ಆಗುವ ಶೀಟಿನಲ್ಲಿರಲಿ. ಅಲ್ಲಿಂದ ಅದು ಹಿಡಿಕೆಯ ತುದಿಯ ಹತ್ತಿರ ಬ್ಲ್ಯಾಂಕಿನೊಳಗೆ ಬರಲಿ, ಅಲಗಿನ ಹತ್ತಿರ ಅಥವಾ ಆ ಮೂಲೆಯಲ್ಲಿ ಬೇಡ. ಪ್ರೋಗ್ರಾಂ ಮಾಡುವವರಿಗೆ ಇದು ಒಂದೆರಡು ಕ್ಲಿಕ್‌ನ ಕೆಲಸ. ಆದರೆ ಹೇಳದಿದ್ದರೆ ಸಾಫ್ಟ್‌ವೇರ್ ತನಗೆ ಅನುಕೂಲವಾದ ಕಡೆ ಇಡುತ್ತದೆ.

ತೂತಿನ ವಿಷಯ. ಪಿನ್ನು ಮೊದಲು ಕೊಂಡು ತನ್ನಿ, ಕ್ಯಾಲಿಪರ್ ಹಿಡಿದು ಅಳೆಯಿರಿ, ಆಮೇಲೆ ಡ್ರಾಯಿಂಗ್ ಕೊಡಿ. ಪಿನ್ನು 6 ಇದ್ದರೆ ತೂತು 6.3 ಹಾಕಿಸಿ. ಹದ ಕೊಟ್ಟ ಮೇಲೆ ಸುಟ್ಟ ಪದರ ತೆಗೆದು ಪಿನ್ನು ಸಲೀಸಾಗಿ ಕೂರಬೇಕು, ಡ್ರಿಲ್ ಮತ್ತೆ ಮುಟ್ಟಲೇಬಾರದು. ತೂತಿನ ಸುತ್ತಲೂ ಬಿಸಿ ಸೇರುವುದರಿಂದ ಅಲ್ಲಿನ ಗಟ್ಟಿತನ ನೇರ ಅಂಚಿಗಿಂತ ಕೆಟ್ಟದಾಗಿರುತ್ತದೆ. ‘ಸಣ್ಣ ತೂತು ಹಾಕಿಸಿ ಆಮೇಲೆ ದೊಡ್ಡದು ಮಾಡಿಕೊಳ್ಳೋಣ’ ಅನ್ನುವುದು ಹೈ ಕಾರ್ಬನ್ ಉಕ್ಕಿನಲ್ಲಿ ಎಲ್ಲಕ್ಕಿಂತ ಕೆಟ್ಟ ದಾರಿ. ತೂತು ಪೂರ್ತಿ ಲೇಸರ್‌ನಲ್ಲೇ ಆಗಲಿ, ಇಲ್ಲವೇ ಪೂರ್ತಿ ಡ್ರಿಲ್‌ನಲ್ಲೇ ಆಗಲಿ. ಶೀಟಿನ ದಪ್ಪಕ್ಕಿಂತ ಸಣ್ಣ ತೂತು ಲೇಸರ್‌ನಲ್ಲಿ ಕೇಳಬೇಡಿ, ಸರಿಯಾಗಿ ಬರುವುದಿಲ್ಲ.

ನೈಟ್ರೋಜನ್‌ನಲ್ಲಿ ಕತ್ತರಿಸಿದರೆ ಗಟ್ಟಿಯಾಗುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಅದು ನಿಜವಲ್ಲ. ಆಕ್ಸಿಜನ್ ಹಾಕಿದರೆ ಅಂಚಿಗೆ ಕರಿ ಪದರ ಕೂರುತ್ತದೆ, ನೈಟ್ರೋಜನ್ ಹಾಕಿದರೆ ಬೆಳ್ಳಗೆ ಸ್ವಚ್ಛವಾಗಿ ಬರುತ್ತದೆ, ಗ್ಯಾಸಿನ ಖರ್ಚು ಹೆಚ್ಚು. ಗಟ್ಟಿ ಪದರ ಎರಡರಲ್ಲೂ ಇದ್ದೇ ಇರುತ್ತದೆ. ನೀವು ಹೇಗೂ ಅಂಚು ತಿಕ್ಕುತ್ತೀರಿ, ಆಕ್ಸಿಜನ್ ಸಾಕು. ಮುಂದೆ ಸ್ಟೇನ್‌ಲೆಸ್ ಚಾಕು ಮಾಡಿದರೆ ಆಗ ನೈಟ್ರೋಜನ್ ಕೇಳಿ.

ಇನ್ನೊಂದು ಮಾತು, ಇದನ್ನು ಕೇಳುವವರೇ ಕಡಿಮೆ. ಶೀಟ್ ರೋಲ್ ಆದ ದಿಕ್ಕಿಗೇ ಚಾಕುವಿನ ಉದ್ದ ಬರಲಿ ಅಂತ ಹೇಳಿ. ಶೀಟ್ ಉಳಿಸಲು ಅವರು ಕೆಲವನ್ನು ಅಡ್ಡ ಮಲಗಿಸುತ್ತಾರೆ. ಉದ್ದಕ್ಕೆ ಕತ್ತರಿಸಿದ ಚಾಕು ಬಾಗಿದಾಗ ಮುರಿಯುವುದಕ್ಕೆ ಹೆಚ್ಚು ತಡೆಯುತ್ತದೆ. ಸ್ವಲ್ಪ ಶೀಟ್ ವೇಸ್ಟ್ ಆದರೂ ಪರವಾಗಿಲ್ಲ.

ಬ್ಲ್ಯಾಂಕ್ ಬಂದ ಮೇಲೆ ಅಂಚಿಗೆ ಅರ ಹಾಕಲು ಹೋಗಬೇಡಿ, ಅರ ಹಾಳು. ಬೆಲ್ಟ್ ಗ್ರೈಂಡರ್‌ನಲ್ಲಿ 60ರ ಬೆಲ್ಟ್ ಹಾಕಿ ಸುತ್ತಲೂ ತಿಕ್ಕಿಬಿಡಿ. ತಿಕ್ಕಿದ ಗೀರು ಅಂಚಿನ ಉದ್ದಕ್ಕೆ ಇರಲಿ, ಅಡ್ಡಕ್ಕೆ ಬೇಡ. ಅಡ್ಡ ಗೀರೂ ಹದ ಕೊಡುವಾಗ ಬಿರುಕಿಗೆ ದಾರಿಯೇ. ಇದಾದ ಮೇಲೆ ಕುಲುಮೆ. ಅಯಸ್ಕಾಂತಕ್ಕೆ ಅಂಟುವುದು ನಿಂತ ಮೇಲೆ ಇನ್ನು ಸ್ವಲ್ಪ ಕಾಯಿಸಿ, ಸುಮಾರು 815 ಡಿಗ್ರಿಗೆ ಬಂದಾಗ ಎಣ್ಣೆಗೆ ಬಿಡಿ. ಎಣ್ಣೆ 50–60 ಡಿಗ್ರಿ ಬೆಚ್ಚಗಿರಲಿ. ಹಾರ್ಡನಿಂಗ್ ಎಣ್ಣೆಯೇ ಸಿಕ್ಕರೆ ಒಳ್ಳೆಯದು. ಸುಟ್ಟ ಎಂಜಿನ್ ಆಯಿಲ್ ಮಾತ್ರ ಬೇಡ, ಅದರ ಹೊಗೆ ಒಳ್ಳೆಯದಲ್ಲ. ಕೈ ತಡೆಯುವಷ್ಟು ಆರಿದ ಕೂಡಲೇ 200 ಡಿಗ್ರಿಯಲ್ಲಿ ಎರಡು ಗಂಟೆ ಟೆಂಪರ್. ನಾಳೆ ಮಾಡೋಣ ಅಂತ ರಾತ್ರಿ ಬಿಟ್ಟರೆ ಬೆಳಿಗ್ಗೆ ಬಿರುಕು ನೋಡಬೇಕಾಗಬಹುದು. 250 ಒಂದೇ ಸಮ ಬರಬೇಕು ಅಂದರೆ ಬೆಳಗಾವಿಯಲ್ಲಿ ಗೇರ್, ಹೈಡ್ರಾಲಿಕ್ ಭಾಗಗಳಿಗೆ ಹಾರ್ಡನಿಂಗ್ ಮಾಡಿಕೊಡುವ ಜಾಬ್ ವರ್ಕಿನವರಿದ್ದಾರೆ. ಅವರಿಗೆ ಕೊಟ್ಟು, ಗಟ್ಟಿತನ ಅಳೆಯುವ ರಾಕ್ವೆಲ್ ಲೆಕ್ಕದಲ್ಲಿ 58 ಎಚ್‌.ಆರ್‌.ಸಿ. ಕೇಳುವುದೂ ಒಂದು ದಾರಿ.

ಈಗ ಉಳಿದ ವಿಧಾನಗಳು.

ಪ್ಲಾಸ್ಮಾ ಅಗ್ಗ, ಊರಲ್ಲೇ ಇದೆ, ಸರಿ. ಆದರೆ ಅದು ತೆಳು ಚಾಕುವಿನ ಯಂತ್ರವಲ್ಲ. ಲೇಸರ್ ಸೀಳು 0.3 ಮಿ.ಮೀ. ಒಳಗಿದ್ದರೆ ಪ್ಲಾಸ್ಮಾದ್ದು ಒಂದೂವರೆ, ಎರಡು ಮಿ.ಮೀ. ದಾಟುತ್ತದೆ. ಅಂಚು ನೇರ ಬರುವುದಿಲ್ಲ, ಓರೆಯಾಗಿರುತ್ತದೆ. ಕೆಳಗೆ ಕರಗಿದ ಉಕ್ಕು ಗಂಟು ಗಂಟಾಗಿ ಅಂಟಿರುತ್ತದೆ. ಬಿಸಿ ಹೆಚ್ಚು ಆಳ ಹೋಗುತ್ತದೆ, 2 ಮಿ.ಮೀ. ಶೀಟು ಹಪ್ಪಳದ ಹಾಗೆ ಏಳುತ್ತದೆ. ಗಾಳಿಯ ಪ್ಲಾಸ್ಮಾ ಆದರೆ ಅಂಚು ನೈಟ್ರೋಜನ್ ಹೀರಿಕೊಂಡು ಇನ್ನೂ ಗಟ್ಟಿಯಾಗುತ್ತದೆ. ಸುತ್ತಲೂ 2–3 ಮಿ.ಮೀ. ತಿಕ್ಕಿ ತೆಗೆಯಬೇಕು. ಕತ್ತರಿಸುವಾಗ ಉಳಿದ ದುಡ್ಡು ಬೆಲ್ಟಿಗೆ, ಕರೆಂಟಿಗೆ, ಕೈಕೂಲಿಗೆ ಹೋಗುತ್ತದೆ. 5–6 ಮಿ.ಮೀ. ಪ್ಲೇಟಿನಿಂದ ಕೊಯ್ತಾ ಆಕಾರ ಒರಟಾಗಿ ತೆಗೆದು, ಆಮೇಲೆ ಕುಲುಮೆಯಲ್ಲಿ ಬಡಿದು ಮಾಡುವುದಾದರೆ ಪ್ಲಾಸ್ಮಾ ಪರವಾಗಿಲ್ಲ. ಆ ಕೆಲಸಕ್ಕೆ ಅವರನ್ನು ಉಳಿಸಿಕೊಳ್ಳಿ.

ವಾಟರ್‌ಜೆಟ್ ವಿಷಯದಲ್ಲಿ ಯೂಟ್ಯೂಬ್‌ನವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಸುಮಾರು 4,000 ಬಾರ್ ಒತ್ತಡದ ನೀರಿಗೆ ಗಾರ್ನೆಟ್ ಮರಳು ಬೆರೆಸಿ ಕತ್ತರಿಸುತ್ತಾರೆ. ಉಕ್ಕು ಬಿಸಿಯೇ ಆಗುವುದಿಲ್ಲ, ಅಂಚು ಗಟ್ಟಿಯಾಗುವುದಿಲ್ಲ, ಡ್ರಿಲ್ಲು ಅರ ಎಲ್ಲ ನಡೆಯುತ್ತದೆ. ಆದರೆ ನಿಧಾನ, ಗಾರ್ನೆಟ್ ಖರ್ಚಾಗುತ್ತಲೇ ಇರುತ್ತದೆ, ಹಾಗಾಗಿ ದರ ಲೇಸರಿಗಿಂತ ಹೆಚ್ಚು. ಹೈ ಕಾರ್ಬನ್ ಉಕ್ಕು ನೀರಿನಿಂದ ಹೊರಬಂದ ಸ್ವಲ್ಪ ಹೊತ್ತಿಗೇ ತುಕ್ಕು ಹಿಡಿಯಲು ಶುರುವಾಗುತ್ತದೆ, ತಕ್ಷಣ ಒರೆಸಿ ಎಣ್ಣೆ ಹಚ್ಚುವವರು ಬೇಕು. ಹತ್ತಿರ ಸಿಗದಿದ್ದರೆ ಪುಣೆಗೋ ಬೆಂಗಳೂರಿಗೋ ಕಳಿಸಬೇಕು, ಸಾಗಾಣಿಕೆ ಬೇರೆ. ಮೊದಲೇ ಹದ ಕೊಟ್ಟ ಶೀಟನ್ನು ಕತ್ತರಿಸಬೇಕು ಅಂದರೆ ನಾನೂ ವಾಟರ್‌ಜೆಟ್ಟೇ ಹೇಳುತ್ತೇನೆ. ಅಲ್ಲಿ ಬಿಸಿ ನಿಜವಾದ ಶತ್ರು. ನಿಮ್ಮದು ಮೆತ್ತನೆ ಶೀಟು. ಸುಮ್ನೆ ಯಾಕೆ ಅಷ್ಟು ದುಡ್ಡು?

ವೈರ್‌ಕಟ್ (ತಂತಿಯಿಂದ ವಿದ್ಯುತ್ ಕಿಡಿ ಹಾರಿಸಿ ಕತ್ತರಿಸುವುದು) ಬಗ್ಗೆ ನೀವು ಕೇಳಿಲ್ಲ, ಆದರೆ ಬೆಳಗಾವಿಯ ಟೂಲ್‌ರೂಮ್ ಬಲ್ಲ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಂಚು ಕನ್ನಡಿಯಷ್ಟು ನೇರ, ಗಟ್ಟಿ ಉಕ್ಕನ್ನೂ ಕತ್ತರಿಸುತ್ತದೆ. ದರ ಮಾತ್ರ ಕತ್ತರಿಸಿದ ಮುಖದ ಚದರ ಮಿ.ಮೀ. ಲೆಕ್ಕದಲ್ಲಿ ಹಾಕುತ್ತಾರೆ. ನಿಮ್ಮ ಚಾಕುವಿನ ಸುತ್ತಳತೆ 640 ಮಿ.ಮೀ. ಅಂದುಕೊಂಡರೆ, 3 ಮಿ.ಮೀ. ದಪ್ಪಕ್ಕೆ ಒಂದಕ್ಕೆ 1,920 ಚದರ ಮಿ.ಮೀ. ಹತ್ತು ಶೀಟ್ ಒಂದರ ಮೇಲೊಂದು ಇಟ್ಟು ಕತ್ತರಿಸಿದರೂ ಆ ಲೆಕ್ಕ ಹತ್ತರಷ್ಟಾಗುತ್ತದೆ, ಕಡಿಮೆಯಾಗುವುದಿಲ್ಲ. ಡೈ ಮಾಡಲು, ಮಡಚುವ ಚಾಕುವಿನ ಲಾಕ್ ಮಾಡಲು ಸರಿ. ಈ ಕೆಲಸಕ್ಕೆ ಅಲ್ಲ.

ಪ್ರೆಸ್ ಟೂಲ್ ಮಾಡಿಸಿ ಪವರ್ ಪ್ರೆಸ್‌ನಲ್ಲಿ ಹೊಡೆಯುವುದು ಸಾವಿರಾರು ಚಾಕು ಮಾಡುವವರ ದಾರಿ. ಸುತ್ತಳತೆ, ದಪ್ಪ, ಉಕ್ಕು ಕತ್ತರಿಗೆ ತೋರುವ ತಡೆ (ಚದರ ಮಿ.ಮೀ.ಗೆ 500 ನ್ಯೂಟನ್ ಅಂದುಕೊಳ್ಳಿ) ಈ ಮೂರನ್ನು ಗುಣಿಸಿ ನೋಡಿ. 640 × 2 × 500 ಅಂದರೆ 6,40,000 ನ್ಯೂಟನ್, ಸುಮಾರು 65 ಟನ್. ಸ್ವಲ್ಪ ಹೆಚ್ಚು ಹಿಡಿದರೆ 100 ಟನ್ನಿನ ಪ್ರೆಸ್ ಬೇಕು, ಅದಕ್ಕೆ ತಕ್ಕ ಡೈ ಬೇಕು. 250ಕ್ಕೆ ಆ ಡೈಯ ಖರ್ಚು ಹುಟ್ಟುವುದಿಲ್ಲ. ಅದೇ ಅಂಗಡಿ ವರ್ಷ ವರ್ಷ ಅದೇ ಆಕಾರ ಕೇಳತೊಡಗಿದರೆ ಆಗ ಯೋಚಿಸಿ.

ಬ್ಯಾಂಡ್‌ಸಾ ಮತ್ತು ಆ್ಯಂಗಲ್ ಗ್ರೈಂಡರ್ ಹತ್ತಿಪ್ಪತ್ತು ಚಾಕುವಿಗೆ ಒಳ್ಳೆಯವು. ಹೊಸ ಆಕಾರ ನೋಡಬೇಕು ಅಂದಾಗ ಪ್ರತಿ ಸಲ ಲೇಸರಿಗೆ ಓಡುವುದು ಬೇಡ. ರಟ್ಟಿನಲ್ಲಿ ಆಕಾರ ಬರೆದು, ಬ್ಯಾಂಡ್‌ಸಾದಲ್ಲಿ ಕತ್ತರಿಸಿ, ಕೈಗೆ ಹೇಗೆ ಕೂರುತ್ತದೆ ನೋಡಿ, ಆಮೇಲೆ ಡ್ರಾಯಿಂಗ್ ಮಾಡಿ. ತೆಳು ಶೀಟಿಗೆ ಇಂಚಿಗೆ ಕನಿಷ್ಠ 18 ಹಲ್ಲಿನ ಬ್ಲೇಡ್ ಹಾಕಿ, ಇಲ್ಲದಿದ್ದರೆ ಹಲ್ಲು ಕೀಳುತ್ತದೆ. ಗ್ರೈಂಡರ್‌ನಲ್ಲಿ ನೇರ ಗೆರೆ ಮಾತ್ರ ಕತ್ತರಿಸಿ. ವೀಲ್ ಅನ್ನು ತಿರುವಿನಲ್ಲಿ ಬಲವಂತವಾಗಿ ತಿರುಗಿಸಿದರೆ ಅದು ಒಡೆದು ಮುಖಕ್ಕೆ ಬರುತ್ತದೆ. ಗಾರ್ಡ್ ತೆಗೆದು ಕೆಲಸ ಮಾಡುವ ಅಭ್ಯಾಸ ನಮ್ಮ ಕಡೆ ಬಹಳ, ದಯವಿಟ್ಟು ಬೇಡ. ಮತ್ತೊಂದು, ನಾಲ್ಕೈದು ಶೀಟ್ ಒಟ್ಟಿಗೆ ಕತ್ತರಿಸಲು ಚಾಕುವಿನ ಮೈಮೇಲೆ ವೆಲ್ಡಿಂಗ್ ಟ್ಯಾಕ್ ಹಾಕಬೇಡಿ. ಈ ಉಕ್ಕಿಗೆ ಅದು ಬಿರುಕಿನ ಬೀಜ. ಹಿಡಿಕೆಯ ತೂತಿಗೆ ಬೋಲ್ಟ್ ಹಾಕಿ ಬಿಗಿಯಿರಿ.

ಗ್ಯಾಸ್ ಕಟಿಂಗ್ ಪಾಟಾ ತುಂಡು ಮಾಡಲು ನೀವು ಬಳಸುತ್ತಲೇ ಇರಬೇಕು. ಗೆರೆಯಿಂದ 5–6 ಮಿ.ಮೀ. ದೂರ ಕತ್ತರಿಸಿ. ಬಿಸಿ ತುಂಡನ್ನು ಒದ್ದೆ ನೆಲದ ಮೇಲೆ ಎಸೆಯಬೇಡಿ. ಪಾಟಾ ಮೊದಲೇ ಹದ ಕೊಟ್ಟ ಉಕ್ಕು, ಗರಗಸಕ್ಕೆ ಬಗ್ಗುವುದಿಲ್ಲ. ಕೆಂಪಗೆ ಕಾಯಿಸಿ ಒಣ ಬೂದಿಯಲ್ಲಿ ಹೂತು ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ಮೆತ್ತಗಾಗಿರುತ್ತದೆ. ಇದು ನಿಮ್ಮ ಮನೆಯ ವಿದ್ಯೆಯೇ. ನಾನು ಸೇರಿಸುವುದು ಇಷ್ಟೇ: ಓಡಿ ಸವೆದ ಪಾಟಾದಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಡಿ.ಪಿ. (ಬಿರುಕಿಗೆ ಇಳಿಯುವ ಬಣ್ಣದ) ಟೆಸ್ಟಿನ ಸ್ಪ್ರೇ ಡಬ್ಬಿಗಳು ಸಿಗುತ್ತವೆ. ಕೆಂಪು ಬಣ್ಣ ಹೊಡೆದು, ಒರೆಸಿ, ಬಿಳಿ ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಕಬ್ಬಿನ ಗದ್ದೆಯಲ್ಲಿ ಮುರಿದು ಹಾರುವ ಕೊಯ್ತಾ ಯಾರ ಕಾಲಿಗೂ ಬೀಳಬಾರದು.

ಕೊನೆಗೆ, ನಿಮ್ಮ ಬಳಿ ಹದ ಕೊಡದ ಆರು ಬ್ಲ್ಯಾಂಕ್ ಇವೆಯಲ್ಲ. ಒಂದನ್ನು ಅಡ್ಡ ಕತ್ತರಿಸಿ ನೋಡಲು ಬಳಸಿದರೂ ಐದು ಉಳಿಯುತ್ತವೆ, ಅವನ್ನು ಉಳಿಸಿಕೊಳ್ಳಬಹುದು. ತೂತಿನ ಸುತ್ತ ಗ್ಯಾಸ್ ಟಾರ್ಚಿನಿಂದ ಮಸುಕು ಕೆಂಪು ಬರುವವರೆಗೆ ಕಾಯಿಸಿ. ಅಯಸ್ಕಾಂತ ಇನ್ನೂ ಅಂಟುತ್ತಿರಬೇಕು. ಅಂಟುವುದು ನಿಂತರೆ ನೀವು ಹೆಚ್ಚು ಕಾಯಿಸಿದ್ದೀರಿ ಅಂತ, ಆರಿದಾಗ ಮತ್ತೆ ಗಟ್ಟಿಯಾಗಬಹುದು. ಒಂದೆರಡು ನಿಮಿಷ ಹಾಗೇ ಹಿಡಿದು ಬೂದಿಯಲ್ಲಿ ಆರಲು ಬಿಡಿ. ಆಮೇಲೆ ಹೊಸ ಬಿಟ್ ಹಾಕಿ, ವೇಗ ಕಡಿಮೆ ಇಟ್ಟು, ಕಟಿಂಗ್ ಆಯಿಲ್ ಬಿಡುತ್ತಾ ಒತ್ತಿ ಕೊರೆಯಿರಿ. ಬಿಟ್ಟನ್ನು ಸುಮ್ನೆ ತಿರುಗಲು ಬಿಟ್ಟರೆ ಉಜ್ಜಿ ಉಜ್ಜಿ ಮತ್ತೆ ಬಿಸಿಯಾಗುತ್ತದೆ. ಚೂಪು ಮೂಲೆಯನ್ನು ಗ್ರೈಂಡರ್‌ನ ಸಣ್ಣ ವೀಲ್‌ನಲ್ಲಿ ದುಂಡು ಮಾಡಿ, ಅಂಚೆಲ್ಲ ಉದ್ದಕ್ಕೆ ತಿಕ್ಕಿ, ಐದನ್ನೂ ಎಣ್ಣೆಯಲ್ಲಿ ಹದ ಕೊಡಿ. ಹದ ಕಾಕಾನೇ ಕೊಡಲಿ, ಬಣ್ಣ ನೋಡುವ ಅವರ ಕಣ್ಣು ನಿಮಗೆ ಇನ್ನೂ ಬಂದಿರುವುದಿಲ್ಲ. ಐದಕ್ಕೆ ಐದೂ ನೇರವಾಗಿ, ಬಿರುಕಿಲ್ಲದೆ ಬಂದರೆ 250ರ ಶೀಟಿಗೆ ಆರ್ಡರ್ ಹಾಕಿ. ಒಂದು ಬಿರುಕು ಬಿಟ್ಟರೂ ಅದನ್ನು ಮುರಿದು, ಮುರಿದ ಮುಖದ ಫೋಟೊ ತೆಗೆದು ನನಗೆ ಕಳಿಸಿ, ಶೀಟ್ ಆಮೇಲೆ ತರೋಣ.